ದೊರೆಯ ನೋವಿನ ನಾಲ್ಕು ಪಾಲು

ನಾನು ನಮ್ಮೂರ ಆಸ್ಪತ್ರೆಯಲ್ಲಿ ಮೈಕಿನವಳು. ಹಲ್ಲು ಕೀಳುವ ಮುಂಚೆ, ಮುರಿದ ಮೂಳೆ ಕೂಡಿಸುವ ಮುಂಚೆ, ಕುರು ಕೊಯ್ಯುವ ಮುಂಚೆ ನಾನು ಮೈಕು ಹಿಡಿದು ಊರಿಗೆಲ್ಲ ಸಾರಬೇಕು. "ಮೇಲಿನ ಭಟ್ಟಿ ಬೀದಿಯ ಚೌಡಪ್ಪನವರ ದವಡೆಹಲ್ಲು ಈಗ ಕೀಳಲಾಗುವುದು. ರಕ್ತಸಂಬಂಧಿಗಳು ದಯವಿಟ್ಟು ಕುಳಿತುಕೊಳ್ಳಿ. ಒಲೆಯ ಮುಂದಿರುವವರು ಪಾತ್ರೆ ಇಳಿಸಿ. ಸೈಕಲ್ ಮೇಲಿರುವವರು ಕಾಲೂರಿ." ಇಷ್ಟು ಹೇಳಿ, ಕೂರುವವರು ಕೂರುವಷ್ಟು ಹೊತ್ತು ತಡೆದು, ಡಾಕ್ಟರ ಕಡೆ ತಲೆಯಾಡಿಸುತ್ತೇನೆ. ಸಂತೆಯಲ್ಲಿ ಚೌಡಪ್ಪನ ತಮ್ಮ ತಕ್ಕಡಿ ಕೆಳಗಿಡುತ್ತಾನೆ, ಶಾಲೆಯಲ್ಲಿ ಮಗಳು ಪೆನ್ಸಿಲ್ ಕೆಳಗಿಡುತ್ತಾಳೆ, ಹಲ್ಲು ಕಿತ್ತು ಬರುತ್ತದೆ, ಬೇರೆ ಬೇರೆ ಬೀದಿಗಳಲ್ಲಿ ನಾಲ್ಕಾರು ಜನ 'ಸ್ಸ್' ಅನ್ನುತ್ತಾರೆ, ಆಮೇಲೆ ಎಲ್ಲರೂ ತಂತಮ್ಮ ಕೆಲಸಕ್ಕೆ ಏಳುತ್ತಾರೆ. ಚೌಡಪ್ಪನಿಗೆ ಒಡಹುಟ್ಟಿದವರು ಬಹಳ. ಹಾಗಾಗಿ ಅವನಿಗೆ ಇರುವೆ ಕಚ್ಚಿದಷ್ಟೇ ನೋವಾಯಿತು.

ನಮ್ಮೂರಲ್ಲಿ ನೋವು ಹೀಗೆ ಪಾಲಾಗುತ್ತದೆ. ಹೆತ್ತವರು, ಮಕ್ಕಳು, ಒಡಹುಟ್ಟಿದವರು, ಇಷ್ಟು ಜನಕ್ಕೆ ಸಮಪಾಲು. ಎಷ್ಟು ದೂರ ಹೋಗಿ ಕೂತರೂ ಪಾಲು ಹುಡುಕಿಕೊಂಡು ಬರುತ್ತದೆ. ಗಂಡ ಹೆಂಡಿರ ನಡುವೆ ಮಾತ್ರ ಪಾಲಿಲ್ಲ, ಅದಕ್ಕೇ ಅವರ ಜಗಳ ನಿಶ್ಚಿಂತೆಯಿಂದ ನಡೆಯುತ್ತದೆ. ಮಕ್ಕಳು ಮಾತು ಕಲಿಯುವ ಹೊತ್ತಿಗೆ ನಾವು ಹೇಳಿಕೊಡುವ ಮೊದಲ ಬುದ್ಧಿ ಒಂದೇ. ಪಾಲು ಬಂದರೆ ಮೊದಲು ಕೈಯಲ್ಲಿರುವುದನ್ನು ಕೆಳಗಿಡು, ಆಮೇಲೆ ಅಳು. ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ನೋವಿನ ಮದ್ದು ನೋವನ್ನು ಕೊಲ್ಲುವುದಿಲ್ಲ. ಮದ್ದು ತಗೊಂಡವರ ಪಾಲು ಉಳಿದವರ ಕಡೆಗೆ ತಿರುಗುತ್ತದೆ, ಅಷ್ಟೇ. ಅದಕ್ಕೇ ಇಲ್ಲಿ ಯಾರೂ ಮನೆಯವರನ್ನು ಕೇಳದೆ ಒಂದು ತಲೆನೋವಿನ ಮಾತ್ರೆಯನ್ನೂ ನುಂಗುವುದಿಲ್ಲ. ಹಂಚಿಕೊಳ್ಳಲು ಯಾರೂ ಇಲ್ಲದ ಒಂಟಿ ಜೀವಗಳಿಗಂತೂ ಯಾವ ಮದ್ದೂ ಹತ್ತುವುದಿಲ್ಲ.

ಅಪ್ಪ ಬಳೆ ಭಟ್ಟಿಯಲ್ಲಿ ಕೆಲಸಕ್ಕಿದ್ದ. ಕಾದ ಗಾಜಿನ ಮುಂದೆ ಅವನ ಕೈಗೆ ಆಗಾಗ ಬಿಸಿ ತಗಲುತ್ತಿತ್ತು, ಮನೆಯಲ್ಲಿದ್ದ ಮಕ್ಕಳಾದ ನಮಗೂ ಬೆರಳ ತುದಿ ಬೆಚ್ಚಗಾಗುತ್ತಿತ್ತು. ಅಪ್ಪ ಕೆಲಸದಲ್ಲಿದ್ದಾನೆ ಅಂದುಕೊಳ್ಳುತ್ತಿದ್ದೆವು. ಅವನು ಜ್ವರ ಬಂದು ತೀರಿಕೊಂಡಾಗ ನಾನಿನ್ನೂ ಲಂಗದ ಹುಡುಗಿ. ಎಲ್ಲರೂ ಅತ್ತರು, ನಾನೂ ಅತ್ತೆ, ಆದರೆ ಅಪ್ಪ ಇನ್ನಿಲ್ಲ ಅನ್ನುವುದು ಗೊತ್ತಾದದ್ದು ಆಮೇಲೆ, ಬೆರಳಿಗೆ ಬಿಸಿ ಬರದೆ ದಿನಗಳು ಹೋದಾಗ. ಅವ್ವ ಅದೇ ಕಾರ್ಖಾನೆಗೆ ಬಳೆ ಆರಿಸಲು ಸೇರಿಕೊಂಡಳು. ಮನೆಯಲ್ಲಿ ಉಳಿದವರು ಅವ್ವ, ಸಿದ್ಧಗಂಗ ಅನ್ನುವ ನಾನು, ತಂಗಿ ಅಂಬುಜಾಕ್ಷಿ, ಎಲ್ಲರಿಗಿಂತ ಕಿರಿಯ ದೊರೆಸ್ವಾಮಿ. ಐದು ಪಾಲಾಗುತ್ತಿದ್ದುದು ನಾಲ್ಕಾಯಿತು.

ಪಾಲಿನ ಮಾತು ಇಷ್ಟು ದೊಡ್ಡದಾಗಿ ಎತ್ತಲು ಕಾರಣ ದೊರೆಯೇ. ಅವನ ರಕ್ತದ ಕಣಗಳು ದುಂಡಗಿರದೆ ಕುಡುಗೋಲಿನ ಹಾಗೆ ಬಾಗುತ್ತಿದ್ದವು. ಬಾಗಿದ ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡರೆ ಮೂಳೆ ಮೂಳೆಯೂ ನೋಯುತ್ತಿತ್ತು. ನಾವದನ್ನು ಕಾಟ ಅನ್ನುತ್ತಿದ್ದೆವು. ಕಾಟ ಚಳಿಗೆ ಬರುತ್ತಿತ್ತು, ಓಡಿದರೆ ಬರುತ್ತಿತ್ತು, ಏನೂ ಮಾಡದಿದ್ದರೂ ಬರುತ್ತಿತ್ತು. ಬಂದರೆ ನಾವು ನಾಲ್ವರೂ ಇದ್ದಲ್ಲೇ ಕೂರಬೇಕು. ಬೀದಿಯವರು ಬಂದು ನಮ್ಮ ಒಲೆ ಆರಿಸಿ, ಬಾಗಿಲು ಮುಂದಕ್ಕೆ ಎಳೆದು ಹೋಗುತ್ತಿದ್ದರು. ಮುಕ್ಕಾಲು ಭಾಗ ನಾವು ಹೊತ್ತೂ ಅವನ ಪಾಲಿಗೆ ಉಳಿದದ್ದು ಹೀಗಿದ್ದರೆ, ಇಡೀ ನೋವು ಹೇಗಿರುತ್ತದೋ ಎಂದು ಯೋಚಿಸಲು ನನಗೆ ಧೈರ್ಯವಿರಲಿಲ್ಲ.

ಅಂಬು ಯೋಚಿಸಿದಳು. ಅವಳು ಹಟದ ಹುಡುಗಿ. ಕೈಗೆತ್ತಿಕೊಂಡಿದ್ದನ್ನು ಬಿಡುವ ಜಾಯಮಾನ ಅವಳದಲ್ಲ, ಬೇಳೆಯಲ್ಲಿ ಕಲ್ಲು ಆರಿಸಲು ಕೂರಿಸಿದರೆ ಡಬ್ಬಿ ಪೂರ್ತಿ ಬರಿದಾಗುವ ತನಕ ಏಳುತ್ತಿರಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮೂವರಲ್ಲಿ ದೊರೆಗೊಬ್ಬನಿಗೇ ಯಾಕೆ ಹೀಗೆ ಅಂತ ಮೇಷ್ಟರನ್ನು ಕೇಳಿದಳು. ಅಪ್ಪನಿಂದ ಒಂದು, ಅವ್ವನಿಂದ ಒಂದು, ಎರಡೂ ಕೆಟ್ಟ ಜೀನುಗಳು ಅವನಿಗೇ ಬಂದಿರಬೇಕು ಅಂದರು ಮೇಷ್ಟ್ರು. ಅವ್ವ ಅದನ್ನು ಕೇಳಿ ಮೂಲೆಗೆ ಹೋಗಿ ಕೂತಳು. "ಹಂಗಾದ್ರೆ ನಾನೇ ಕೊಟ್ಟಿದ್ದು" ಅಂದಳು. ಅಂಬು ಅವಳ ಎದುರು ಕೂತು ಕಾರ್ಖಾನೆಯ ಲೆಕ್ಕದಲ್ಲಿ ಬಿಡಿಸಿ ಹೇಳಿದಳು. "ಬಳೆ ಸುತ್ತೋ ಸರಳು ಸೊಟ್ಟ ಇದ್ರೆ ಬಳೆ ಎಲ್ಲಾ ಸೊಟ್ಟ ಬರ್ತವೆ ಅಲ್ವಾ ಅವ್ವ? ಸರಳು ಸೊಟ್ಟ ಇದ್ದಿದ್ದು ಯಾರ ತಪ್ಪು? ಯಾರದೂ ಅಲ್ಲ." ಅವ್ವ ಕೇಳಿದಳು, "ಸರಳನ್ನ ನೆಟ್ಟಗೆ ಮಾಡ್ಬೋದಲ್ವೇನೆ?" ಅದಕ್ಕೆ ಉತ್ತರ ಹುಡುಕಿಕೊಂಡೇ ಅಂಬು ಪಟ್ಟಣಕ್ಕೆ ಓದಲು ಹೋದದ್ದು.

ಓದು ಸಲೀಸಾಗಲಿಲ್ಲ. ಮೊದಲ ಪದವಿಯ ಕೊನೆಯ ಪರೀಕ್ಷೆಯ ದಿನ ದೊರೆಗೆ ಕಾಟ ಬಂತು. ಅವನು ಅಂದು ನೆಂಟರೊಬ್ಬರ ಜೊತೆ ಹೊರಗಿನ ಊರಲ್ಲಿದ್ದ. ಅಲ್ಲಿನ ಡಾಕ್ಟರಿಗೆ ನಮ್ಮೂರ ಪಾಲಿನ ವಿಷಯ ಹೇಗೆ ಗೊತ್ತಾಗಬೇಕು. ಮಗು ನರಳುವುದನ್ನು ನೋಡಲಾಗದೆ ಒಳ್ಳೆಯ ಮನಸ್ಸಿನಿಂದಲೇ ಜೋರಾದ ನೋವಿನ ಇಂಜೆಕ್ಷನ್ ಕೊಟ್ಟುಬಿಟ್ಟರು. ದೊರೆ ಹುಟ್ಟಿದ ಮೇಲೆ ಮೊದಲ ಸಲ ಕಾಟದ ಮಧ್ಯೆ ನಗುತ್ತ ಕೂತನಂತೆ. ಅವನ ಪಾಲು ಇಲ್ಲಿ ನಮ್ಮ ಮೂವರ ಮೇಲೆ ಬಿತ್ತು. ಅವ್ವ ಬಳೆಯ ರಾಶಿಯ ಮೇಲೆಯೇ ಒರಗಿದಳು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದೆ. ಅಂಬು ಪರೀಕ್ಷೆಯ ಕೋಣೆಯಲ್ಲಿ ಪೆನ್ನು ಕೆಳಗಿಟ್ಟಳು, ಮತ್ತೆ ಎತ್ತಿಕೊಳ್ಳಲಾಗಲಿಲ್ಲ. ಮೂರ್ಛೆರೋಗದ ಹುಡುಗಿ ಎಂದು ಎತ್ತಿಕೊಂಡು ಹೋದರು. ಅವಳು ಫೇಲಾದಳು. ಮನೆಗೆ ಬಂದ ದೊರೆ ನಮ್ಮ ಮುಖಗಳನ್ನು ನೋಡಿಯೇ ಅರ್ಥ ಮಾಡಿಕೊಂಡ. ಅಂದಿನಿಂದ ಅವನು ಒಂದೇ ಒಂದು ನೋವಿನ ಮಾತ್ರೆ ಮುಟ್ಟಲಿಲ್ಲ, ಯಾರು ಎಷ್ಟು ಹೇಳಿದರೂ ಮುಟ್ಟಲಿಲ್ಲ.

ಅಂಬು ಮಾರನೆಯ ವರ್ಷ ಮತ್ತೆ ಕೂತು ಪಾಸಾದಳು. ಮುಂದಿನ ಪದವಿಯಲ್ಲೂ ಒಂದು ವರ್ಷ ಹೀಗೇ ಹೋಯಿತು, ಅದನ್ನೂ ಮತ್ತೆ ಕೂತು ಪಾಸು ಮಾಡಿದಳು. ಪ್ರಯೋಗಾಲಯದಲ್ಲಿ ಹನಿ ಹನಿ ಅಳೆದು ಹಾಕುವ ಪಿಪೆಟ್ ಎಂಬ ಕಡ್ಡಿಯಂಥ ಸಾಮಾನು ಹಿಡಿದು ದಿನವಿಡೀ ಕೆಲಸ. ಪಾಲು ಬಂದ ತಕ್ಷಣ ಅದನ್ನು ಪಕ್ಕದ ಸ್ಟ್ಯಾಂಡಿಗೆ ಸಿಕ್ಕಿಸಿ, ಮೇಜಿನ ಅಂಚು ಹಿಡಿದು, ಕಾಟ ಇಳಿಯುವ ತನಕ ಕಣ್ಣು ಮುಚ್ಚಿ ನಿಂತು, ಮತ್ತೆ ಎತ್ತಿಕೊಳ್ಳುತ್ತಿದ್ದಳಂತೆ. ಜೊತೆಯವರು ಮೊದಮೊದಲು ಗಾಬರಿಯಾದರು, ಆಮೇಲೆ ಅವಳು ಕಣ್ಣು ಮುಚ್ಚಿದರೆ ತಾವೇ ಬಂದು ಅವಳ ಟ್ಯೂಬುಗಳಿಗೆ ಮುಚ್ಚಳ ಹಾಕುವುದನ್ನು ಕಲಿತರು.

ಪಿಎಚ್‌ಡಿಗೆ ಅವಳು ಸೇರಿದ್ದು ವಾಮನಮೂರ್ತಿ ಅನ್ನುವ ದೊಡ್ಡ ಪ್ರೊಫೆಸರ ಬಳಿ. ಅವರಿಗೆ ದೊರೆಯ ಕಾಯಿಲೆಗಿಂತ ನಮ್ಮೂರ ಪಾಲಿನ ಮೇಲೆ ಆಸಕ್ತಿ. ಈ ಪಾಲು ಯಾವ ಜೀನಿನಲ್ಲಿದೆ ಹುಡುಕು ಅಂದರು. ಅಂಬು ಎಲ್ಲರ ಎಂಜಲು ಕೇಳಿಕೊಂಡು ಊರಿಗೆ ಬಂದಳು. ನಾನೇ ಮೈಕಿನಲ್ಲಿ ಸಾರಿದೆ. "ಕೆಳಗಿನ ಭಟ್ಟಿ ಬೀದಿಯ ಅಂಬುಜಾಕ್ಷಿಯವರು ಸಂಶೋಧನೆಗಾಗಿ ಎಂಜಲು ಕೇಳಲು ಬರುತ್ತಾರೆ. ದಯವಿಟ್ಟು ಉಗಿದು ಸಹಕರಿಸಿ." ಊರು ನಗುತ್ತ ಉಗಿಯಿತು. ತಾಂಬೂಲದ ನಂಜಮ್ಮಜ್ಜಿ ಕೆಂಪಗೆ ಉಗಿದು ಕೊಟ್ಟಳು, ಬಾಯಿ ತೊಳೆದು ಬಾ ಅಂದರೆ ಮುನಿಸಿಕೊಂಡಳು. ವರ್ಷಗಳು ಹಿಡಿದವು, ಆದರೆ ಅಂಬು ಕಂಡುಹಿಡಿದಳು. ಪಾಲು ಕೂತಿರುವ ಜಾಗ ಇದೇ ಎಂದು ಬೊಟ್ಟು ಮಾಡಿ ತೋರಿಸಿದಳು. ಪುರಸಭೆಯವರು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಅವ್ವ ಆ ಶಾಲನ್ನು ದೊರೆಗೆ ಚಳಿಗಾಲದಲ್ಲಿ ಹೊದಿಸಲು ಎತ್ತಿಟ್ಟಳು.

ಜಾಗ ಸಿಕ್ಕ ಮೇಲೆ ಪ್ರೊಫೆಸರು ಒಂದು ಸೂಜಿಮದ್ದಿನ ಯೋಜನೆ ಹಾಕಿದರು. ಅದನ್ನು ಹಾಕಿಸಿಕೊಂಡವರಿಗೆ ಆ ಜೀನು ಬಾಯಿ ಮುಚ್ಚುತ್ತದೆ, ಇನ್ನು ಯಾರ ಪಾಲೂ ಬರುವುದಿಲ್ಲ. ಊರವರು ಅದಕ್ಕೆ ಆಗಲೇ ತಡೆಸೂಜಿ ಅಂತ ಹೆಸರಿಟ್ಟರು. ಅಂಬುವಿಗೇ ಒಂದು ಸ್ವಂತ ಪ್ರಯೋಗಾಲಯ, ಕೈಕೆಳಗೆ ಜನ, ಎಲ್ಲ ಕೊಡುವುದಾಗಿ ಹೇಳಿದರು. ನನಗೂ ಆಸೆಯಾಗಿತ್ತು, ಸುಳ್ಳೇಕೆ ಹೇಳಲಿ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಹುಡುಗಿ ಚೆನ್ನಾಗಿದ್ದಾಳೆ, ಆದರೆ ಮನೆಯ ಪಾಲು ಭಾರ, ಒಲೆ ಮುಂದೆ ಯಾವಾಗ ಕುಸಿಯುತ್ತಾಳೋ ಹೇಳಲಾಗದು ಎಂದು ಎದ್ದು ಹೋಗಿದ್ದರು. ಒಂದು ದಿನ, ಒಂದೇ ದಿನ, ಯಾರ ನೋವೂ ಇಲ್ಲದೆ ಬೆಳಿಗ್ಗೆಯಿಂದ ಸಂಜೆಯವರೆಗೆ ಓಡಾಡಿಕೊಂಡಿರಬೇಕು ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೆ.

ಮೊದಲು ಇಲಿಗಳ ಮೇಲೆ ನೋಡಿದರು. ಪಾಲಿನ ಜೀನು ಸೇರಿಸಿದ ಒಂದೇ ತಾಯಿಯ ಮರಿಗಳು. ಅವುಗಳಲ್ಲಿ ಒಂದಕ್ಕೆ ಕಾಲು ನೋವು. ಉಳಿದವಕ್ಕೆ ತಡೆಸೂಜಿ ಹಾಕಿದ ಕೂಡಲೇ ಅವು ಜಿಗಿದಾಡಿಕೊಂಡು ಕಾಳು ತಿನ್ನತೊಡಗಿದವು. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಅಂಬು ಮಾತ್ರ ಆ ಒಂದು ಇಲಿಯನ್ನು ನೋಡುತ್ತಿದ್ದಳು. ಅದು ಪೆಟ್ಟಿಗೆಯ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟಿತು. ನೋವಿನ ಮದ್ದು ಕೊಟ್ಟು ನೋಡಿದಳು, ಹತ್ತಲಿಲ್ಲ. ಕಾಳು ಮುಟ್ಟಲಿಲ್ಲ, ನೀರು ಕುಡಿಯಲಿಲ್ಲ. ಅವಳು ನೇರವಾಗಿ ಪ್ರೊಫೆಸರ ಕೋಣೆಗೆ ಹೋದಳು.

"ಸಾರ್, ಇದನ್ನ ನಿಲ್ಲಿಸಬೇಕು" ಅಂದಳು. ಪ್ರೊಫೆಸರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸುತ್ತ, "ಅಂಬುಜಾಕ್ಷಿ, ನಿಮ್ಮ ಮನೆಯನ್ನೇ ತಗೊಳ್ಳಿ. ಮೂರು ಜನಕ್ಕೆ ಬಿಡುಗಡೆ ಸಿಗುತ್ತೆ. ಅದು ಸಣ್ಣ ವಿಷಯವೇ?" ಅಂದರು. "ಬಿಡುಗಡೆ ಅಲ್ಲ ಸಾರ್, ನಮ್ಮ ಮೂರು ಪಾಲೂ ಅವನ ತಲೆ ಮೇಲೆ ಹಾಕಿ ಎದ್ದು ಹೋಗೋದು. ಹೋಗೋಕೆ ಜಾಗ ಇಲ್ಲದ ನೋವಿಗೆ ಮದ್ದೂ ಹತ್ತಲ್ಲ. ಆ ಇಲೀನ ಒಂದ್ಸಲ ಬಂದು ನೋಡಿ." ಪ್ರೊಫೆಸರು ಬಂದು ನೋಡಲಿಲ್ಲ. ನೀವು ಮಾಡದಿದ್ದರೆ ಬೇರೆಯವರು ಮಾಡುತ್ತಾರೆ ಅಂದರು. "ಮಾಡ್ಲಿ ಸಾರ್. ನನ್ನ ಕೈಯಿಂದ ಆಗೋದು ಬೇಡ" ಎಂದು ಅಂಬು ತನ್ನ ಮೇಜು ಖಾಲಿ ಮಾಡಿದಳು.

ಊರಿಗೆ ಸುದ್ದಿ ಮುಟ್ಟಿ ಪುರಸಭೆಯ ಅಧ್ಯಕ್ಷ ಗುರುಮಲ್ಲಪ್ಪನವರು ನಮ್ಮ ಜಗಲಿಗೆ ಬಂದು ಕೂತರು. "ಊರೇ ಕಾಯ್ತಾ ಇದೆ ಕಣಮ್ಮ. ಕೈಗೆ ಬಂದಿದ್ದನ್ನ ಹಿಂಗೆ ಬಿಟ್ಟು ಬರೋದಾ?" ಅಂಬು ಮೂಲೆ ಸೇರಿದ ಇಲಿಯ ಕಥೆಯನ್ನು ಹೇಳಿದಳು. ಅವರು ತಲೆ ಕೆರೆದುಕೊಂಡರು. ದೊರೆ ಅಷ್ಟು ಹೊತ್ತೂ ಬಾಗಿಲ ಬಳಿ ಮಿಕ್ಸಿಯೊಂದನ್ನು ಬಿಚ್ಚಿಕೊಂಡು ಕೂತಿದ್ದ. ಕೂತು ಮಾಡುವ ಕೆಲಸವೆಂದು ಅವನು ರಿಪೇರಿ ಕಲಿತಿದ್ದ. ತಲೆಯೆತ್ತದೆ ಹೇಳಿದ, "ಚಿಕ್ಕಕ್ಕ, ಸೂಜಿ ಮಾಡು. ನೀವು ಮೂರು ಜನಾನೂ ಹಾಕಿಸ್ಕೊಳ್ಳಿ. ನಾನು ತಡ್ಕೋತೀನಿ." ಅವ್ವ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಅಂಬುವಿಗೆ ಸಿಟ್ಟು ಬಂತು. "ನಿನಗೆ ತಡ್ಕೊಳ್ಳೋದು ಕಲಿಸೋಕೆ ನಾನು ಇಷ್ಟು ವರ್ಷ ಓದಲಿಲ್ಲ ಕಣೋ" ಅಂದಳು. "ಅವ್ವ ಅವತ್ತೇ ಕೇಳಿದ್ಲು, ಸರಳು ನೆಟ್ಟಗೆ ಮಾಡ್ಬೋದಾ ಅಂತ. ನಾನು ಸೊಟ್ಟ ಬಳೆ ಹಂಚೋ ಲೆಕ್ಕದಲ್ಲಿ ಮುಳುಗಿ ಅದನ್ನ ಮರೆತುಬಿಟ್ಟಿದ್ದೆ. ಇನ್ನು ಅದೊಂದೇ ಕೆಲಸ." ಗುರುಮಲ್ಲಪ್ಪನವರು ಕಾಫಿ ಕುಡಿದು ಎದ್ದರು. ನನ್ನ ಆಸೆಯನ್ನು ನಾನು ಅಲ್ಲಿಗೇ ನುಂಗಿಕೊಂಡೆ, ನುಂಗುವಾಗ ಸ್ವಲ್ಪ ಕಹಿಯಾಯಿತು, ಅಷ್ಟೇ.

ಡಾಕ್ಟರ್ ಫಿಲೋಮಿನಾ ಅನ್ನುವವರು ಪಟ್ಟಣದ ಇನ್ನೊಂದು ಕಡೆ ರಕ್ತದ ಕಾಯಿಲೆಯವರನ್ನು ನೋಡುತ್ತಿದ್ದರು. ಅವರ ಪ್ರಯೋಗಾಲಯ ಹಳೆಯ ಕಟ್ಟಡದ ಹಿಂಭಾಗದಲ್ಲಿತ್ತು, ಕರೆಂಟು ಹೋದರೆ ಫ್ರಿಜ್ಜಿಗೆ ಕಂಬಳಿ ಹೊದಿಸುವಂಥ ಜಾಗ. ಅಂಬು ಅಲ್ಲಿ ಕೆಳಗಿನಿಂದ ಮತ್ತೆ ಶುರು ಮಾಡಿದಳು. ಅವಳ ಜೊತೆ ಓದಿದವರು ಆ ಹೊತ್ತಿಗೆ ವಿಭಾಗಗಳ ಮುಖ್ಯಸ್ಥರಾಗಿದ್ದರು. ಇವಳು ತನಗಿಂತ ಚಿಕ್ಕವರ ಕೈಕೆಳಗೆ ಗಾಜಿನ ತಟ್ಟೆ ತೊಳೆದಳು. ಬೇಸರ ಆಗಲ್ವೇನೆ ಅಂತ ಕೇಳಿದರೆ, "ಬೇಸರಕ್ಕೆ ಟೈಮ್ ಎಲ್ಲಿದೆ ಅಕ್ಕ, ಅವ್ವನಿಗೆ ವಯಸ್ಸಾಗ್ತಿದೆ" ಅನ್ನುತ್ತಿದ್ದಳು. ಅವಳು ಹೇಳದೆ ಬಿಟ್ಟದ್ದು ನನಗೆ ಗೊತ್ತಿತ್ತು. ಅವ್ವ ಹೋದರೆ ನಾಲ್ಕು ಮೂರಾಗುತ್ತದೆ. ಅವ್ವನ ಎದೆ ಆಗಲೇ ದುರ್ಬಲವಾಗಿತ್ತು. ದೊಡ್ಡ ಕಾಟವೊಂದು ಬಂದರೆ ಅವಳ ಪಾಲನ್ನೇ ಅವಳು ತಡೆಯುವುದು ಅನುಮಾನ ಎಂದು ನಮ್ಮ ಡಾಕ್ಟರು ನನ್ನ ಕಿವಿಯಲ್ಲಿ ಹೇಳಿದ್ದರು.

ಅವಳು ಹಿಡಿದ ದಾರಿ ಇದು. ಮೂಳೆಯ ಒಳಗೆ ರಕ್ತ ಹುಟ್ಟಿಸುವ ತಾಯಿಕೋಶಗಳಿರುತ್ತವೆ. ದೊರೆಯ ತಾಯಿಕೋಶಗಳನ್ನು ಹೊರಗೆ ತೆಗೆದು, ಅವುಗಳೊಳಗಿನ ಕೆಟ್ಟ ಜೀನನ್ನು ತಿದ್ದಿ, ವಾಪಸು ಅವನ ಮೈಗೇ ಸೇರಿಸುವುದು. ಅಕ್ಕತಂಗಿಯರಾದ ನಮ್ಮಿಬ್ಬರ ಮೂಳೆಮಜ್ಜೆ ಅವನಿಗೆ ಹೊಂದುವುದಿಲ್ಲ ಎಂದು ಮೊದಲೇ ಗೊತ್ತಾಗಿತ್ತು, ಹಾಗಾಗಿ ಬೇರೆ ದಾರಿ ಇರಲಿಲ್ಲ. ಹೊರಗಿನ ಊರುಗಳ ಕಾಯಿಲೆಯವರಲ್ಲಿ ಈ ತಿದ್ದುಪಡಿ ಫಲ ಕೊಡತೊಡಗಿತ್ತು. ನಮ್ಮೂರ ರಕ್ತ ಮಾತ್ರ ಮೊಂಡು. ತಿದ್ದಿದ ಕೋಶ ಸಾಯುತ್ತಿತ್ತು, ಬದುಕಿದ ಕೋಶ ತಿದ್ದಿರುತ್ತಿರಲಿಲ್ಲ. ಅಂಬು ಮದ್ದಿನ ಹದ ಬದಲಿಸಿದಳು, ಬಿಸಿ ಬದಲಿಸಿದಳು, ಕೋಶ ಹೊರಗಿರುವ ಹೊತ್ತನ್ನು ಕಡಿಮೆ ಮಾಡುತ್ತ ಬಂದಳು. ಸಾಯುವುದನ್ನು ವರ್ಷಗಟ್ಟಲೆ ನೋಡಿದಳು. ಕಡೆಗೆ ಒಂದು ಮಧ್ಯಾಹ್ನ ನನಗೆ ಫೋನ್ ಮಾಡಿ, "ಅಕ್ಕ, ತಿದ್ದಿದ್ದು ಬದುಕಿದೆ. ದುಂಡಗಿರೋ ಕಣ ಹುಟ್ಟಿಸ್ತಿದೆ" ಅಂದಳು. ಅವಳ ದನಿ ಸಮವಾಗಿಯೇ ಇತ್ತು, ಅತ್ತದ್ದು ನಾನು.

ಒಪ್ಪಿಗೆಗಳೆಲ್ಲ ಬಂದು, ದೊರೆ ಪಟ್ಟಣಕ್ಕೆ ಹೋಗಿ ತಾಯಿಕೋಶ ತೆಗೆಸಿಕೊಂಡು ಬಂದ. ಅಷ್ಟಕ್ಕೇ ಅವನು ಹಣ್ಣಾಗಿದ್ದ. ಇನ್ನೊಂದು ಸಲ ತೆಗೆಯುವುದು ಅವನ ಮೈಗೆ ಆಗದ ಮಾತು, ಇದೇ ಮೊದಲು ಇದೇ ಕೊನೆ ಅಂದರು ಫಿಲೋಮಿನಾ. ತಿದ್ದುವ ದಿನ ಗೊತ್ತಾಯಿತು. ನಮ್ಮೂರ ಕೋಶಗಳನ್ನು ಬದುಕಿಸಿಕೊಳ್ಳುವ ಹದ ಅಂಬುವಿನ ಕೈಗೇ ಗೊತ್ತು, ಅವಳೇ ಮಾಡಬೇಕು. ಆ ದಿನ ಅವಳ ಕೈಗೆ ಯಾವ ಪಾಲೂ ಬರಬಾರದು ಎಂದು ಅವ್ವ ಮನೆಯಲ್ಲಿ ಕಟ್ಟಪ್ಪಣೆ ಮಾಡಿದಳು. ಒಲೆ ಹಚ್ಚಲಿಲ್ಲ, ಈಳಿಗೆ ಮಣೆ ಅಟ್ಟಕ್ಕೇರಿತು. ಅವಲಕ್ಕಿ ನೆನೆಸಿಕೊಂಡು ಬಾಳೆಹಣ್ಣಿನ ಜೊತೆ ತಿಂದೆವು. ಹೊಸ್ತಿಲು ಎಡವೀತೆಂದು ಅವ್ವ ಕಾಲ್ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಳು. ದೊರೆಗೆ ಚಳಿ ತಾಗದಿರಲೆಂದು ಅಂಬುವಿನ ಆ ಸನ್ಮಾನದ ಶಾಲು ಹೊದಿಸಿ ಆಸ್ಪತ್ರೆಯ ಬೆಚ್ಚನೆಯ ಕೋಣೆಯಲ್ಲೇ ಮಲಗಿಸಿದೆವು. ಅವ್ವ ಅವನ ಪಕ್ಕ ಕೂತಳು, ನಾನು ಅದೇ ಕೋಣೆಯ ಇನ್ನೊಂದು ತುದಿಯಲ್ಲಿ ಮೈಕಿನ ಮುಂದೆ.

ಆದರೂ ಕಾಟ ಬಂತು. ಮೊದಲು ಸೊಂಟದ ಮೂಳೆಯಲ್ಲಿ, ಆಮೇಲೆ ತೊಡೆಯಲ್ಲಿ, ನನಗೆ ಗೊತ್ತಿದ್ದ ದಾರಿಯಲ್ಲೇ. ದೊರೆ ಹಲ್ಲು ಕಚ್ಚಿಕೊಂಡು, "ಈವತ್ತಾದ್ರೂ ಬರಬಾರದಿತ್ತು" ಅಂದ. ಫೋನು ಬಡಿದುಕೊಂಡಿತು. ಅಂಬು. "ಬಂತಕ್ಕ." "ಗೊತ್ತು, ನಮಗೂ ಬಂತು." "ಕೋಶ ಹೊರಗೆ ತೆಗೆದಾಗಿದೆ. ಕಾಯಲ್ಲ ಅವು. ಪಿಪೆಟ್ ಕೆಳಗಿಟ್ಟು ನಿಂತಿದೀನಿ, ಎತ್ತಿದ್ರೆ ಕೈ ನಡುಗ್ತಿದೆ. ಬೇರೆಯವರ ಕೈಗೆ ಕೊಟ್ರೆ ಕೆಡುತ್ತೆ." ಅಷ್ಟು ವರ್ಷಗಳಲ್ಲಿ ಅವಳ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವ್ವ ಎದ್ದು ಬಂದು ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಅಂಬಿ, ಮಾತ್ರೆ ನುಂಗು." ಅವ್ವ ಫೋನನ್ನು ಕಿವಿಗೆ ಒತ್ತಿಕೊಂಡಳು. "ನೋವಿನ ಮಾತ್ರೆ ಇಲ್ವಾ ಅಲ್ಲಿ? ಜೋರಾಗಿರೋದೇ ನುಂಗು. ನಿನ್ನ ಪಾಲು ನಾವು ತಗೋತೀವಿ." ಅಂಬು ಕೂಗಿದ್ದು ನನಗೂ ಕೇಳಿಸಿತು. "ನಿನ್ನ ಎದೆ ತಡೆಯಲ್ಲ ಅವ್ವ. ನನ್ನ ಪಾಲು ನಿಮ್ಮ ಮೇಲೆ ಹಾಕೋ ಕೆಲಸ ಮಾತ್ರ ನನ್ನ ಕೈಲಿ ಮಾಡಿಸ್ಬೇಡ. ಅದು ಬೇಡ ಅಂತ ತಾನೆ ನಾನು ಎಲ್ಲಾ ಬಿಟ್ಟು ಬಂದಿದ್ದು." ಅವ್ವ ಗೋಡೆ ಹಿಡಿದುಕೊಂಡಳು. "ಇನ್ನೊಬ್ಬರ ಮೇಲೆ ಹೊರಿಸಿ ಓಡಿ ಹೋಗೋದು ಬೇರೆ, ಕೊಡು ಅಂತ ನಾವೇ ಕೇಳೋದು ಬೇರೆ. ನಿನ್ನ ಕೈ ಕೆಲಸ ಮಾಡ್ಬೇಕು. ನಮ್ಮ ಕೈ ಸುಮ್ನೆ ಬಿದ್ದಿವೆ." ಆಮೇಲೆ ಫೋನನ್ನು ದೊರೆಯ ಬಾಯಿಗೆ ಹಿಡಿದಳು. "ನುಂಗು ಚಿಕ್ಕಕ್ಕ" ಅಂದ ದೊರೆ. "ನಾನೊಂದ್ಸಲ ಗೊತ್ತಿಲ್ದೆ ನಿನಗೆ ಕೊಟ್ಟಿದ್ದೆ. ಈಗ ಗೊತ್ತಿದ್ದು ತಗೋತೀನಿ." ನನ್ನ ಸರದಿ ಬಂದಾಗ ನಾನೂ ಹೂಂ ಅಂದೆ.

ನಮ್ಮೂರಲ್ಲಿ ಸಾರದೆ ಮಾತ್ರೆ ನುಂಗುವ ಹಾಗಿಲ್ಲ. ಸಂಬಂಧಿಕರು ಇರುವುದು ಇದೇ ಕೋಣೆಯಲ್ಲಿ, ಸಾರುವವಳೂ ಅವರಲ್ಲೊಬ್ಬಳು, ಆದರೂ ಪದ್ಧತಿ ಪದ್ಧತಿಯೇ. ನಾನು ಮೈಕು ಹಿಡಿದೆ. "ಕೆಳಗಿನ ಭಟ್ಟಿ ಬೀದಿಯ ಅಂಬುಜಾಕ್ಷಿಯವರು ಈಗ ನೋವಿನ ಮಾತ್ರೆ ನುಂಗಲಿದ್ದಾರೆ. ಅವರ ಪಾಲು ಅವರ ರಕ್ತಸಂಬಂಧಿಗಳಿಗೆ ಬರಲಿದೆ. ದಯವಿಟ್ಟು ಕುಳಿತುಕೊಳ್ಳಿ." ಅಭ್ಯಾಸಬಲದಿಂದ ಕಿಟಕಿಯ ಹೊರಗೆ ನೋಡಿದೆ. ಬಾಳೆಹಣ್ಣಿನವನು ಬುಟ್ಟಿ ಇಳಿಸಿ ಕೂತ. ಪೊಲೀಸಿನವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಟೋಪಿ ತೆಗೆದು ಕೂತ. ಭಟ್ಟಿಯಿಂದ ಬರುತ್ತಿದ್ದ ಹೆಂಗಸರು ರಸ್ತೆಯ ಬದಿಗೆ ಸಾಲಾಗಿ ಕೂತರು. ಗುರುಮಲ್ಲಪ್ಪನವರು ಪುರಸಭೆಯ ಮುಂದಿನ ಕಟ್ಟೆಯ ಮೇಲೆ ಪಂಚೆ ಸರಿಮಾಡಿಕೊಂಡು ಕೂತರು. ಅವರಾರಿಗೂ ನಮ್ಮ ನೋವಿನ ಒಂದು ಚೂರೂ ಹೋಗುವುದಿಲ್ಲ. ಅದು ಅವರಿಗೂ ಗೊತ್ತಿತ್ತು. ಆದರೂ ಕೂತರು.

ಆಮೇಲೆ ಬಂದದ್ದನ್ನು ವರ್ಣಿಸಿ ಏನು ಪ್ರಯೋಜನ. ಅವ್ವ ಮಂಚದ ಕಾಲಿಗೆ ಒರಗಿ ಕೂತು ನನ್ನ ಕೈ ಹಿಡಿದಿದ್ದಳು. ಹಿಡಿತ ಸಡಿಲವಾದಾಗಲೆಲ್ಲ ನಾನು ಅವ್ವ ಅನ್ನುತ್ತಿದ್ದೆ, ಅವಳು ಇದೀನಿ ಅನ್ನುತ್ತಿದ್ದಳು. ಹೊರಗೆ ನೆರಳು ಉದ್ದವಾಯಿತು. ಯಾರೂ ಎದ್ದಿರಲಿಲ್ಲ. ಕಡೆಗೆ ಕಾಟ ಇಳಿಯತೊಡಗಿದ ಹೊತ್ತಿಗೆ ಫೋನು ಬಂತು. "ಮುಗೀತು. ಬದುಕಿವೆ" ಅಂದಳು ಅಂಬು. ಅವ್ವ ಹೇಗಿದ್ದಾಳೆ ಅಂತ ಕೇಳಲು ಅವಳಿಗೆ ಧೈರ್ಯ ಸಾಲುತ್ತಿಲ್ಲ ಅನ್ನಿಸಿತು. ಅವ್ವನೇ ಫೋನಿಗೆ ಬಾಯಿಟ್ಟು, "ಊಟ ಮಾಡಿದ್ಯಾ?" ಅಂತ ಕೇಳಿದಳು.

ದೊರೆ ಮತ್ತೆ ಪಟ್ಟಣಕ್ಕೆ ಹೋದ. ತಿದ್ದಿದ ಕೋಶಗಳಿಗೆ ಜಾಗ ಮಾಡಲು ಹಳೆಯವನ್ನೆಲ್ಲ ಸುಡುವ ಮದ್ದು ಕೊಟ್ಟರು. ಅವನ ಬಾಯೆಲ್ಲ ಹುಣ್ಣಾಯಿತು, ಇಲ್ಲಿ ನಮ್ಮ ನಾಲಿಗೆಯೂ ಉರಿಯಿತು, ವಾರಗಟ್ಟಲೆ ಗಂಜಿ ಕುಡಿದೆವು. ಒಂದು ಚಿಕ್ಕ ಚೀಲದಲ್ಲಿ ಅವನ ಕೋಶಗಳು ಅವನಿಗೇ ವಾಪಸು ಹೋದವು. ಅವನು ಊರಿಗೆ ಬಂದ. ಮಳೆಗಾಲ ಮುಗಿದು ಚಳಿ ಬಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡದೆ ಕಾಟಕ್ಕೆ ಕಾಯುತ್ತಿದ್ದೆವು. ಬರಲಿಲ್ಲ. ರಕ್ತ ಪರೀಕ್ಷೆ ಚೆನ್ನಾಗಿದೆ ಎಂದು ಫಿಲೋಮಿನಾ ಹೇಳಿದರು, ಅಂಬು ಹೇಳಿದಳು, ಅವ್ವ ಮಾತ್ರ ನಂಬಲಿಲ್ಲ. ಮಲಗುವಾಗ ಬಾಗಿಲ ಬಳಿ ನೀರಿನ ಚೊಂಬು, ಶಾಲು, ಎಲ್ಲ ತಯಾರು ಮಾಡಿ ಇಡುತ್ತಿದ್ದಳು.

ಚಳಿ ಇಳಿಯುವ ದಿನಗಳು. ಅವ್ವ ನನಗೆ ಬುತ್ತಿ ತಂದು ಆಸ್ಪತ್ರೆಯ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದಳು. ಒಳಗೆ ಚೌಡಪ್ಪನ ಇನ್ನೊಂದು ಹಲ್ಲು ಕೀಳಲು ಡಾಕ್ಟರು ಇಕ್ಕಳ ಹಿಡಿದಿದ್ದರು. ನಾನು ಮೈಕಿನಲ್ಲಿ ರಕ್ತಸಂಬಂಧಿಗಳು ದಯವಿಟ್ಟು ಕುಳಿತುಕೊಳ್ಳಿ ಅನ್ನುವವರೆಗೆ ಬಂದಿದ್ದೆ, ಎಡಗಾಲಿನ ಹೆಬ್ಬೆರಳು ಚುರುಕ್ ಅಂದಿತು. ಮಾತು ನಿಂತಿತು. ಅವ್ವನೂ ತನ್ನ ಎಡಗಾಲನ್ನು ಎಳೆದುಕೊಂಡು ನೋಡಿಕೊಂಡಳು. ಫೋನು ಬಂತು. "ಅಕ್ಕ, ಎಡಗಾಲು ಹೆಬ್ಬೆರಳಾ?" "ಹೂಂ." "ನೀನಾ?" "ಅಲ್ಲ." "ಅವ್ವನಾ?" "ಅವ್ವನ ಕಾಲು ನನ್ನ ಕಣ್ಣ ಮುಂದೇ ಇದೆ." ಅಂಬು ಪಿಪೆಟ್ಟನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ ಸದ್ದು ಕೇಳಿಸಿತು, ಆಮೇಲೆ ಅವಳು ಅಳುವುದು ಕೇಳಿಸಿತು. ಸೊಂಟದಲ್ಲಲ್ಲ, ತೊಡೆಯಲ್ಲಲ್ಲ. ಬರೀ ಒಂದು ಹೆಬ್ಬೆರಳು.

ದೊರೆ ಕುಂಟುತ್ತ ಒಳಗೆ ಬಂದ. ಏದುಸಿರು ಬಿಡುತ್ತಿದ್ದ, ಮುಖ ಬೆವರಿತ್ತು, ಉಗುರಿನ ಸಂದಿಯಲ್ಲಿ ರಕ್ತ. "ಬಸ್ಸು ಹೊರಟುಬಿಡ್ತು ಅಕ್ಕ. ಓಡ್ದೆ. ಓಡೋಕಾಯ್ತು. ಕಲ್ಲು ನೋಡ್ಲಿಲ್ಲ" ಅಂದ. ಅವ್ವ ಅವನ ಬೆರಳು ನೋಡಿದಳು, ಆ ಮಾಮೂಲಿ ಕೆಂಪು ರಕ್ತವನ್ನು ನೋಡಿದಳು, ಮುಖ ನೋಡಿದಳು. ಅವನು ಹುಟ್ಟಿದಾಗಿನಿಂದ ಅವಳು ಅವನನ್ನು ಒಮ್ಮೆಯೂ ಗದರಿದವಳಲ್ಲ, ಗದರಲು ಆ ಕಾಟ ಯಾವತ್ತೂ ಅವಕಾಶ ಕೊಟ್ಟಿರಲಿಲ್ಲ. "ಕಣ್ಣು ಎಲ್ಲಿಟ್ಕೊಂಡಿದ್ಯೋ? ಇಷ್ಟು ದೊಡ್ಡ ಕೋಣ ಆಗಿದೀಯ, ನೆಲ ನೋಡ್ಕೊಂಡ್ ನಡಿಯೋಕಾಗಲ್ವಾ? ಮನೆಗ್ ಬಾ, ನಿನ್ನ ಕಾಲು ಮುರೀತೀನಿ" ಎಂದು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ನಾನು ಮೈಕು ಆರಿಸುವುದನ್ನು ಮರೆತಿದ್ದೆ. ಚೌಡಪ್ಪನ ಹಲ್ಲಿಗಾಗಿ ಅಲ್ಲಲ್ಲಿ ಕೂತಿದ್ದವರೂ ಕೂರದೆ ನಿಂತಿದ್ದವರೂ ಅವ್ವ ತನ್ನ ಮಗನನ್ನು ಬಯ್ಯುವುದನ್ನು ಕೊನೆಯವರೆಗೂ ಕೇಳಿಸಿಕೊಂಡರು.